ಇನುಯಿಟ್ ಜನ ಮತ್ತು ಬದಲಾಗುತ್ತಿರುವ ಆರ್ಕ್ಟಿಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಕ್ಟಿಕ್ ಬಗ್ಗೆ ಸುದ್ದಿ ಬಂದಾಗಲೆಲ್ಲ ಜೊತೆಗೊಂದು ಚಿತ್ರ ಇರುತ್ತದೆ: ಮಂಜುಗಡ್ಡೆಯ ತುಂಡಿನ ಮೇಲೆ ನಿಂತ ಒಂಟಿ ಹಿಮಕರಡಿ. ಅಲ್ಲಿ ಊರುಗಳಿವೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಚುನಾವಣೆ ನಡೆಯುತ್ತದೆ ಅನ್ನುವುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಅಲ್ಲಿನ ಜನರ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಚಿಕ್ಕದು. ಕೆಲವಕ್ಕೆ ಸ್ವಲ್ಪ ನಿಂತು ಹೇಳಬೇಕಾಗುತ್ತದೆ.

ಇನುಯಿಟ್ ಅಂದರೆ ಯಾರು? ಎಲ್ಲಿದ್ದಾರೆ?

ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್ ಮತ್ತು ರಷ್ಯಾದ ಚುಕೋಟ್ಕಾ, ಈ ನಾಲ್ಕೂ ಕಡೆ ಹರಡಿರುವ ಮೂಲನಿವಾಸಿಗಳು. ಎಲ್ಲ ಸೇರಿ ಸುಮಾರು 1,80,000 ಜನ. ಕೆನಡಾದಲ್ಲಿ ಸುಮಾರು 70,000 ಮಂದಿ ಇದ್ದಾರೆ. ಗ್ರೀನ್‌ಲ್ಯಾಂಡ್‌ನ ಒಟ್ಟು ಜನಸಂಖ್ಯೆ ಸುಮಾರು 57,000. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇವರೇ. ಇವರ ಪೂರ್ವಜರನ್ನು ಪುರಾತತ್ವದವರು ತೂಲೆ ಜನ ಎಂದು ಕರೆಯುತ್ತಾರೆ. ಸುಮಾರು ಸಾವಿರ ವರ್ಷದ ಹಿಂದೆ ಅವರು ಅಲಾಸ್ಕಾದಿಂದ ಪೂರ್ವಕ್ಕೆ ಹೊರಟರು. ತಿಮಿಂಗಿಲ ಬೇಟೆ, ನಾಯಿ ಎಳೆಯುವ ಜಾರುಬಂಡಿ, ಚರ್ಮದ ದೋಣಿ, ಇವಿಷ್ಟನ್ನು ನೆಚ್ಚಿಕೊಂಡು ಕೆಲವೇ ತಲೆಮಾರುಗಳಲ್ಲಿ ಗ್ರೀನ್‌ಲ್ಯಾಂಡ್ ತನಕ ತಲುಪಿದರು.

ನಾವು ಶಾಲೆಯಲ್ಲಿ ಎಸ್ಕಿಮೋ ಅಂತ ಓದಿದ್ದೆವು. ಹಾಗೆ ಅನ್ನಬಾರದಾ?

ಬೇಡ. ಅದು ಹೊರಗಿನವರು ಇಟ್ಟ ಹೆಸರು. ಕೆನಡಾ, ಗ್ರೀನ್‌ಲ್ಯಾಂಡ್‌ಗಳಲ್ಲಿ ಬಹುತೇಕರಿಗೆ ಅದು ನೋವು ತರುವ ಮಾತು. ಒಬ್ಬರಾದರೆ ಇನುಕ್, ಹಲವರಾದರೆ ಇನುಯಿಟ್.

ಈಗಲೂ ಇಗ್ಲೂಗಳಲ್ಲೇ ಇರುತ್ತಾರಾ?

ಇಲ್ಲ. ಈಗ ಇರುವುದು ಮರದ ಮನೆಗಳಲ್ಲಿ, ಹೀಟರ್, ಟಿವಿ, ಇಂಟರ್ನೆಟ್ ಎಲ್ಲ ಇಟ್ಟುಕೊಂಡು. ಹಿಂದೆಯೂ ಎಲ್ಲ ಇನುಯಿಟ್ ಜನ ಹಿಮದ ಮನೆಯಲ್ಲಿ ಇರುತ್ತಿರಲಿಲ್ಲ. ಅಲಾಸ್ಕಾದಲ್ಲಿ ಮಣ್ಣು, ಹುಲ್ಲುಹೆಂಟೆ, ತಿಮಿಂಗಿಲದ ಮೂಳೆ ಬಳಸಿ ಮನೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಎಲ್ಲ ಕಡೆಯೂ ಚರ್ಮದ ಡೇರೆ. ಹಿಮದ ಮನೆ ಮುಖ್ಯವಾಗಿ ಕೆನಡಾ ಭಾಗದ್ದು. ಗಾಳಿ ಬಡಿದು ಗಟ್ಟಿಯಾದ ಹಿಮವನ್ನು ಉದ್ದ ಚಾಕುವಿನಿಂದ ಇಟ್ಟಿಗೆಗಳಾಗಿ ಕತ್ತರಿಸಿ, ಸುರುಳಿ ಸುತ್ತುತ್ತ ಮೇಲಕ್ಕೆ ಜೋಡಿಸುತ್ತಾರೆ. ಒಳಗೆ ಕುಲ್ಲಿಕ್ ಎಂಬ ಕಲ್ಲಿನ ದೀಪ ಉರಿಯುತ್ತದೆ. ಸೀಲ್ ಎಂಬ ಕಡಲ ಪ್ರಾಣಿಯ ಕೊಬ್ಬಿನ ಎಣ್ಣೆ, ಟಂಡ್ರಾದ ಹತ್ತಿಹುಲ್ಲಿನ ಬತ್ತಿ. ಅಡುಗೆ, ಬೆಳಕು, ಬೆಚ್ಚಗಿರುವುದು, ಒದ್ದೆ ಬಟ್ಟೆ ಒಣಗಿಸುವುದು ಎಲ್ಲಕ್ಕೂ ಇದೊಂದೇ ದೀಪ. ಅದನ್ನು ಆರದಂತೆ ನೋಡಿಕೊಳ್ಳುವುದು ಹೆಂಗಸರ ಕೆಲಸವಾಗಿತ್ತು. ಈಗಲೂ ದೊಡ್ಡ ಸಭೆ ಸಮಾರಂಭಗಳನ್ನು ಹಿರಿಯ ಮಹಿಳೆಯೊಬ್ಬರು ಕುಲ್ಲಿಕ್ ಹಚ್ಚಿ ಶುರು ಮಾಡುತ್ತಾರೆ. ಇಗ್ಲೂ ಕಟ್ಟುವುದನ್ನು ಮಕ್ಕಳಿಗೆ ಇಂದಿಗೂ ಕಲಿಸುತ್ತಾರೆ. ಬೇಟೆಗೆ ಹೋದಾಗ ಬಿರುಗಾಳಿಗೆ ಸಿಕ್ಕಿದರೆ ಜೀವ ಉಳಿಸುವ ವಿದ್ಯೆ ಅದು.

ಅಲ್ಲಿ ಆರು ತಿಂಗಳು ಪೂರ್ತಿ ಕತ್ತಲೆಯಾ? ಪೆಂಗ್ವಿನ್ ಇವೆಯಾ?

ಪೆಂಗ್ವಿನ್ ಇಲ್ಲ. ಅವು ಇರುವುದು ಭೂಮಿಯ ದಕ್ಷಿಣದ ಕಡೆ. ಕತ್ತಲೆಯೂ ಊರಿಂದ ಊರಿಗೆ ಬೇರೆ. ಕೆನಡಾದ ಉತ್ತರದಲ್ಲಿರುವ ಇನುಯಿಟ್ ಪ್ರಾಂತ್ಯ ನುನಾವುಟ್‌ನ ರಾಜಧಾನಿ ಇಕಾಲುಯಿಟ್ ಆರ್ಕ್ಟಿಕ್ ವೃತ್ತಕ್ಕಿಂತ ಕೆಳಗಿದೆ. ಹಾಗಾಗಿ ಡಿಸೆಂಬರ್‌ನಲ್ಲೂ ಅಲ್ಲಿ ಕೆಲವು ಗಂಟೆ ಸೂರ್ಯ ಕಾಣುತ್ತಾನೆ. ತೀರಾ ಉತ್ತರದ ಗ್ರೀಸ್ ಫಿಯೋರ್ಡ್‌ನಲ್ಲಿ ಮಾತ್ರ ಸುಮಾರು ಮೂರೂವರೆ ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ.

ಹೊಲ ಇಲ್ಲ, ತರಕಾರಿ ಇಲ್ಲ. ಏನು ತಿನ್ನುತ್ತಾರೆ?

ಸೀಲ್, ಕ್ಯಾರಿಬೂ ಜಿಂಕೆ, ಚಾರ್ ಮೀನು, ಬೆಲುಗಾ ಮತ್ತು ನಾರ್ವಾಲ್ ತಿಮಿಂಗಿಲ, ವಾಲ್ರಸ್, ಹಕ್ಕಿಗಳು, ಬೇಸಿಗೆಯ ಕೊನೆಗೆ ಕಾಡುಹಣ್ಣು. ಹಣ್ಣು ತರಕಾರಿ ಇಲ್ಲದೆ ಯುರೋಪಿನ ನಾವಿಕರು ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ಸಾಯುತ್ತಿದ್ದ ಕಾಲದಲ್ಲೂ ಇವರು ಗಟ್ಟಿಮುಟ್ಟಾಗಿದ್ದರು. ಕಾರಣ, ತಿಮಿಂಗಿಲದ ಚರ್ಮದಲ್ಲಿ, ಸೀಲ್‌ನ ಪಿತ್ತಜನಕಾಂಗದಲ್ಲಿ ಸಿ ಜೀವಸತ್ವ ಇದೆ. ಹಸಿಯಾಗಿ ತಿಂದರೆ ಅದು ಹಾಳಾಗುವುದಿಲ್ಲ. ಚರ್ಮವನ್ನು ಕೊಬ್ಬಿನ ಸಮೇತ ಕತ್ತರಿಸಿದ ಈ ತಿನಿಸಿಗೆ ಮಕ್ತಾಕ್ ಎನ್ನುತ್ತಾರೆ. ಅದನ್ನು ಕತ್ತರಿಸುವುದು ಉಲು ಎಂಬ ಅರ್ಧಚಂದ್ರದ ಚಾಕುವಿನಲ್ಲಿ.

ಬೇಟೆಯ ಮಾಂಸ ಬೇಟೆಗಾರನ ಮನೆಗಷ್ಟೇ ಅಲ್ಲ. ಮುದುಕರಿಗೆ, ವಿಧವೆಯರಿಗೆ, ನೆಂಟರಿಗೆ ಹಂಚಬೇಕು. ಇಂದಿಗೂ ಹಂಚುತ್ತಾರೆ. ಇದು ಊಟದ ಮಾತಷ್ಟೇ ಅಲ್ಲ, ಯಾರು ಯಾರಿಗೆ ಆಗುತ್ತಾರೆ ಅನ್ನುವ ಲೆಕ್ಕವೂ ಇದರಲ್ಲೇ ಇದೆ.

ಅಂಗಡಿ ಊಟವೂ ಇದೆ, ಆದರೆ ತುಂಬಾ ದುಬಾರಿ. ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಹಾಲು, ಹಣ್ಣು, ತರಕಾರಿ ವಿಮಾನದಲ್ಲಿ ಬರಬೇಕು. ಭಾರದ ಸಾಮಾನು ಬೇಸಿಗೆಯಲ್ಲಿ ಸಮುದ್ರ ತೆರೆದಾಗ ಹಡಗಿನಲ್ಲಿ ಬರುತ್ತದೆ. ಕೆನಡಾದಂಥ ಶ್ರೀಮಂತ ದೇಶದಲ್ಲಿ ಹೊಟ್ಟೆ ತುಂಬಾ ಊಟ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅತಿ ಹೆಚ್ಚು ಇರುವುದು ಇದೇ ನುನಾವುಟ್‌ನಲ್ಲಿ. ಹಾಗಾಗಿ ಅಲ್ಲಿ ಬೇಟೆ ಅಂದರೆ ಮನೆಯವರ ಊಟ.

ಆದರೂ ಸೀಲ್ ಮರಿಗಳನ್ನು ಕೊಲ್ಲುವುದು ಕ್ರೂರ ಅಲ್ವಾ?

1970ರ ದಶಕದಲ್ಲಿ ಜಗತ್ತು ನೋಡಿದ ಬಿಳಿ ಮರಿಗಳ ಚಿತ್ರ ಕೆನಡಾದ ಪೂರ್ವ ಕರಾವಳಿಯ ವ್ಯಾಪಾರಿ ಬೇಟೆಯದು. ಇನುಯಿಟ್ ಬೇಟೆಗಾರರು ಹಿಡಿಯುವುದು ಬಹುಪಾಲು ಬೆಳೆದ ರಿಂಗ್ಡ್ ಸೀಲ್‌ಗಳನ್ನು. ಅವುಗಳ ಮಾಂಸ ಊಟಕ್ಕೆ, ಚರ್ಮ ಬಟ್ಟೆಗೆ ಮತ್ತು ಬೂಟಿಗೆ. ಮಿಕ್ಕ ಚರ್ಮ ಮಾರಿದರೆ ಬಂದೂಕಿನ ಗುಂಡು, ಪೆಟ್ರೋಲ್‌ಗೆ ದುಡ್ಡು. 1983ರಲ್ಲಿ ಯುರೋಪ್ ಮರಿಗಳ ಚರ್ಮವನ್ನು ನಿಷೇಧಿಸಿತು. ಕಾನೂನು ಇನುಯಿಟ್ ಬೇಟೆಯನ್ನು ನಿಷೇಧದಿಂದ ಹೊರಗಿಟ್ಟಿತ್ತು ನಿಜ. ಆದರೆ ಮಾರುಕಟ್ಟೆಗೆ ಆ ವ್ಯತ್ಯಾಸ ಗೊತ್ತಾಗಲಿಲ್ಲ. ಸೀಲ್ ಚರ್ಮ ಅಂದರೆ ಸಾಕು, ಯಾರೂ ಮುಟ್ಟಲಿಲ್ಲ. ಬೆಲೆ ನೆಲಕಚ್ಚಿತು. 2009ರಲ್ಲಿ ಯುರೋಪಿನ ಇನ್ನೊಂದು ನಿಷೇಧ ಬಂತು. ಅದರಲ್ಲೂ ಇನುಯಿಟ್ ಜನರಿಗೆ ವಿನಾಯಿತಿ ಇತ್ತು, ಫಲ ಮಾತ್ರ ಹೆಚ್ಚುಕಡಿಮೆ ಹಾಗೆಯೇ. ಪ್ರಾಣಿಗಳ ಮೇಲಿನ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಇಡೀ ಜನರ ದುಡಿಮೆಯನ್ನು ದೂರದ ಊರಲ್ಲಿ ಕೂತು ಮುರಿಯುವ ಮೊದಲು ಅವರನ್ನು ಕೇಳಬೇಕಿತ್ತು. ಯಾರೂ ಸರಿಯಾಗಿ ಕೇಳಲಿಲ್ಲ.

ಹಿರಿಯರ ತಿಳಿವಳಿಕೆ ಅನ್ನುತ್ತಾರಲ್ಲ, ವಿಜ್ಞಾನದ ಮುಂದೆ ಅದು ನಿಲ್ಲುತ್ತದಾ?

ಎರಡು ಉದಾಹರಣೆ ಸಾಕು.

1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಅಲಾಸ್ಕಾದ ಬೋಹೆಡ್ ತಿಮಿಂಗಿಲ ಬೇಟೆಯನ್ನು ನಿಲ್ಲಿಸಲು ಹೊರಟಿತು. ಉಳಿದಿರುವುದು 2,000ಕ್ಕಿಂತ ಕಡಿಮೆ ಎಂದು ಆಗಿನ ವಿಜ್ಞಾನಿಗಳ ಅಂದಾಜು. ಇನುಪಿಯಾಟ್, ಅಂದರೆ ಉತ್ತರ ಅಲಾಸ್ಕಾದ ಇನುಯಿಟ್ ಬೇಟೆಗಾರರು ಒಪ್ಪಲಿಲ್ಲ. 'ನೀವು ತೆರೆದ ನೀರಿನಲ್ಲಿ ಕಾಣುವುದನ್ನು ಮಾತ್ರ ಎಣಿಸುತ್ತಿದ್ದೀರಿ. ಅವು ಮಂಜುಗಡ್ಡೆಯ ಕೆಳಗೂ ಈಜುತ್ತವೆ, ದಡದಿಂದ ದೂರವೂ ಹೋಗುತ್ತವೆ' ಅನ್ನುವುದು ಅವರ ವಾದ. ಅದೇ ವರ್ಷ ತಮ್ಮದೇ ತಿಮಿಂಗಿಲ ಆಯೋಗ ಕಟ್ಟಿಕೊಂಡರು, ವಿಜ್ಞಾನಿಗಳನ್ನು ಜೊತೆಗೆ ಕರೆದುಕೊಂಡರು. ನೀರಿನೊಳಗೆ ಮೈಕ್ ಇಳಿಸಿ ತಿಮಿಂಗಿಲಗಳ ದನಿ ಕೇಳಿ ಎಣಿಸಲು ಶುರು ಮಾಡಿದಾಗ ಬೇಟೆಗಾರರ ಮಾತು ನಿಜವಾಯಿತು. 2001ರ ಎಣಿಕೆಯಲ್ಲಿ ಸಂಖ್ಯೆ 10,000 ದಾಟಿತ್ತು. ಇಂದಿಗೂ ಮಿತಿ ಹಾಕಿಕೊಂಡು ಬೇಟೆ ನಡೆಯುತ್ತದೆ, ಜೂನ್‌ನಲ್ಲಿ ನಲುಕತಕ್ ಹಬ್ಬದಂದು ಇಡೀ ಊರಿಗೆ ಪಾಲು ಸಿಗುತ್ತದೆ.

ಇನ್ನೊಂದು, ಬ್ರಿಟಿಷ್ ನಾವಿಕ ಜಾನ್ ಫ್ರಾಂಕ್ಲಿನ್‌ನ ಹಡಗುಗಳ ಕಥೆ. 1845ರಲ್ಲಿ ಬ್ರಿಟನ್ನಿನಿಂದ ಹೊರಟ ಎರಡು ಹಡಗು, 129 ಜನ ಆರ್ಕ್ಟಿಕ್‌ನಲ್ಲಿ ಕಾಣೆಯಾದರು. ಹಡಗು ಎಲ್ಲಿ ಮುಳುಗಿತು, ನಾವಿಕರು ಯಾವ ದಾರಿಯಲ್ಲಿ ನಡೆದು ಸತ್ತರು ಎಂದು ಇನುಯಿಟ್ ಹಿರಿಯರು ಹೇಳುತ್ತಲೇ ಇದ್ದರು. 1854ರಲ್ಲಿ ಅನ್ವೇಷಕ ಜಾನ್ ರೇ ಆ ಮಾತನ್ನು ಲಂಡನ್ನಿಗೆ ಒಯ್ದಾಗ ಅಲ್ಲಿನ ದೊಡ್ಡವರು ನಂಬಲಿಲ್ಲ. ಎರೆಬಸ್ ಹಡಗು ಸಿಕ್ಕಿದ್ದು 2014ರಲ್ಲಿ, ಹಿರಿಯರ ಬಾಯಿಮಾತು ತೋರಿಸಿದ ಜಾಗದ ಆಸುಪಾಸಿನಲ್ಲೇ. ಟೆರರ್ ಸಿಕ್ಕಿದ್ದು 2016ರಲ್ಲಿ, ಜೋವಾ ಹೇವನ್ ಊರಿನ ಸ್ಯಾಮಿ ಕೊಗ್ವಿಕ್ ಕೊಟ್ಟ ಸುಳಿವಿನಿಂದ.

ಮಂಜು ಕರಗಿದರೆ ಅಲ್ಲಿನ ಜನಕ್ಕೆ ನಿಜವಾಗಿ ಏನಾಗುತ್ತದೆ?

ಮೊದಲು ಹೋಗುವುದು ರಸ್ತೆ. ಸಮುದ್ರ ಹೆಪ್ಪುಗಟ್ಟಿದಾಗಲೇ ಅಲ್ಲಿ ಓಡಾಟ ಸಲೀಸು. ಪಕ್ಕದ ಊರಿಗೆ, ಬೇಟೆಯ ಜಾಗಕ್ಕೆ, ನೆಂಟರ ಮನೆಗೆ ಸ್ನೋಮೊಬೈಲ್ ಹತ್ತಿ ಮಂಜುಗಡ್ಡೆಯ ಮೇಲೇ ಹೋಗುತ್ತಾರೆ. ಈಗ ಅದು ತಡವಾಗಿ ಕಟ್ಟುತ್ತದೆ, ಬೇಗ ಒಡೆಯುತ್ತದೆ, ನಡುವೆ ತೆಳ್ಳಗಿರುತ್ತದೆ. ಅಪ್ಪ ತಾತ ಹೋದ ದಾರಿಯಲ್ಲೇ ಹೋದರೂ ಒಳಗೆ ಬೀಳುವ ಅಪಾಯ ಇದೆ. ಮೇಲೆ ಹಿಮ ಬಿದ್ದಿದ್ದರೆ ಕೆಳಗಿನ ತೆಳು ಮಂಜುಗಡ್ಡೆ ಕಣ್ಣಿಗೆ ಕಾಣುವುದೇ ಇಲ್ಲ. ಅನುಭವಿ ಬೇಟೆಗಾರರೂ ಹೀಗೆ ಜೀವ ಕಳೆದುಕೊಂಡಿದ್ದಾರೆ.

1979ರಿಂದ ಈಚೆಗೆ ಆರ್ಕ್ಟಿಕ್ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಬೆಳ್ಳಗಿನ ಮಂಜು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಂಜು ಹೋದ ಕಡೆ ಕಪ್ಪು ನೀರು ಬಿಸಿಲನ್ನು ಹೀರುತ್ತದೆ, ಅದರಿಂದ ಇನ್ನಷ್ಟು ಮಂಜು ಕರಗುತ್ತದೆ. ಸೆಪ್ಟೆಂಬರ್‌ನಲ್ಲಿ ಉಳಿಯುವ ಸಮುದ್ರದ ಮಂಜುಗಡ್ಡೆ 1980ರ ಆಸುಪಾಸಿನಲ್ಲಿ ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇತ್ತು. 2012ರಲ್ಲಿ 34 ಲಕ್ಷಕ್ಕೆ ಇಳಿಯಿತು.

ನೆಲವೂ ಬದಲಾಗುತ್ತಿದೆ. ಸದಾ ಹೆಪ್ಪುಗಟ್ಟಿರುತ್ತಿದ್ದ ನೆಲ ಸಡಿಲವಾದರೆ ಮನೆ ವಾಲುತ್ತದೆ, ವಿಮಾನದ ರನ್‌ವೇ ಬಿರುಕು ಬಿಡುತ್ತದೆ. ಅಲಾಸ್ಕಾದಲ್ಲಿ ತಿಮಿಂಗಿಲದ ಮಾಂಸ ಇಡಲು ನೆಲದೊಳಗೆ ತೋಡಿದ ತಣ್ಣನೆಯ ಹಗೇವುಗಳಿಗೆ ನೀರು ನುಗ್ಗುತ್ತಿದೆ. ಮೊದಲು ದಡಕ್ಕೆ ಅಂಟಿಕೊಂಡ ಮಂಜುಗಡ್ಡೆ ಅಲೆಗಳನ್ನು ತಡೆಯುತ್ತಿತ್ತು. ಈಗ ಶರತ್ಕಾಲದ ಬಿರುಗಾಳಿ ನೇರವಾಗಿ ದಡಕ್ಕೆ ಹೊಡೆಯುತ್ತದೆ. ಕೆನಡಾದ ಟುಕ್ಟೊಯಾಕ್ಟುಕ್‌ನಲ್ಲಿ ಕಡಲಂಚಿನ ಕೆಲವು ಮನೆಗಳನ್ನು 2020ರಲ್ಲಿ ಎತ್ತಿ ಒಳಗೆ ಸಾಗಿಸಿದರು. ಅಲಾಸ್ಕಾದ ಶಿಶ್ಮರೆಫ್ ಊರಿನವರು ಜಾಗ ಬಿಟ್ಟು ಹೋಗೋಣ ಎಂದು 2016ರಲ್ಲಿ ಮತ ಹಾಕಿದರು. ಹೋಗಲು ಬೇಕಾದಷ್ಟು ಹಣ ಯಾರೂ ಕೊಟ್ಟಿಲ್ಲ.

ಅವರು ಕೈಕಟ್ಟಿ ಕೂತಿಲ್ಲ. ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್ ಊರಿನಲ್ಲಿ 2010ರ ಚಳಿಗಾಲ ವಿಪರೀತ ಬೆಚ್ಚಗಾಗಿ ಮಂಜುಗಡ್ಡೆ ಕೈಕೊಟ್ಟಿತು. ಆಮೇಲೆ ಊರಿನವರೂ ವಿಜ್ಞಾನಿಗಳೂ ಸೇರಿ ಸ್ಮಾರ್ಟ್‌ಐಸ್ ಎಂಬ ವ್ಯವಸ್ಥೆ ಕಟ್ಟಿದರು. ಜಾರುಬಂಡಿಗೆ ಕಟ್ಟಿದ ಉಪಕರಣ ಹೋದ ದಾರಿಯಲ್ಲೆಲ್ಲ ಮಂಜುಗಡ್ಡೆಯ ದಪ್ಪ ಅಳೆಯುತ್ತದೆ. ಆ ಬಂಡಿ ನಡೆಸುವವರು ಊರಿನ ಯುವಕ ಯುವತಿಯರೇ. 2019ರಲ್ಲಿ ಸಿಕು ಎಂಬ ಮೊಬೈಲ್ ಆ್ಯಪ್ ಬಂತು. ಎಲ್ಲಿ ಬಿರುಕಿದೆ, ಎಲ್ಲಿ ನೀರು ತೆರೆದಿದೆ ಎಂದು ಬೇಟೆಗಾರರು ತಮ್ಮ ಭಾಷೆಯಲ್ಲೇ ಗುರುತು ಹಾಕಿ ಹಂಚಿಕೊಳ್ಳುತ್ತಾರೆ. ಈಟಿಯಿಂದ ಕುಟ್ಟಿ ಮಂಜುಗಡ್ಡೆಯ ಗಟ್ಟಿತನ ನೋಡುವ ಹಳೆಯ ಪದ್ಧತಿಯನ್ನೂ ಬಿಟ್ಟಿಲ್ಲ.

ಬೆಚ್ಚಗಾದರೆ ಹಡಗು, ಗಣಿ, ಉದ್ಯೋಗ ಬರುತ್ತದಲ್ವಾ? ಒಳ್ಳೆಯದೇ ಅಲ್ವಾ?

ಕೆಲವರಿಗೆ ಉದ್ಯೋಗ ಬರುತ್ತದೆ, ಅದು ಬೇಕು ಅನ್ನುವ ಇನುಯಿಟ್ ಜನರೂ ಇದ್ದಾರೆ. ಆದರೆ ನುನಾವುಟ್‌ನ ಬ್ಯಾಫಿನ್ ದ್ವೀಪದ ಉತ್ತರದಲ್ಲಿ ಒಂದು ಕಬ್ಬಿಣದ ಗಣಿ ಇದೆ. ಅದಿರು ಹೊರುವ ಹಡಗುಗಳ ಸದ್ದಿಗೆ ನಾರ್ವಾಲ್‌ಗಳು ದೂರ ಹೋಗುತ್ತಿವೆ ಎಂದು ಪಾಂಡ್ ಇನ್ಲೆಟ್ ಊರಿನ ಬೇಟೆಗಾರರು ಹೇಳಿದರು. ಗಣಿಯನ್ನು ದೊಡ್ಡದು ಮಾಡುವ ಯೋಜನೆ ಬಂದಾಗ, 2021ರ ಫೆಬ್ರವರಿ ಚಳಿಯಲ್ಲಿ, ಕೆಲವು ಬೇಟೆಗಾರರು ಗಣಿಯ ರಸ್ತೆ ಮತ್ತು ವಿಮಾನದ ರನ್‌ವೇ ಮೇಲೆ ಕೂತು ತಡೆದರು. ಕೊನೆಗೆ 2022ರ ನವೆಂಬರ್‌ನಲ್ಲಿ ಕೆನಡಾ ಸರ್ಕಾರ ಆ ವಿಸ್ತರಣೆಗೆ ಒಪ್ಪಿಗೆ ಕೊಡಲಿಲ್ಲ. ಪಕ್ಕದ ಸಮುದ್ರದಲ್ಲೇ 2019ರಲ್ಲಿ ಸುಮಾರು 1,08,000 ಚದರ ಕಿಲೋಮೀಟರ್‌ನ ತಲ್ಲುರುತಿಯುಪ್ ಇಮಂಗಾ ಸಂರಕ್ಷಿತ ಪ್ರದೇಶಕ್ಕೆ ಒಪ್ಪಂದವಾಯಿತು. ಅದನ್ನು ನೋಡಿಕೊಳ್ಳುವುದರಲ್ಲಿ ಇನುಯಿಟ್ ಜನರಿಗೆ ಪಾಲು ಇದೆ.

ನಮಗೂ ಆರ್ಕ್ಟಿಕ್‌ಗೂ ಏನಾದರೂ ಸಂಬಂಧ ಇದೆಯಾ?

ಇದೆ, ಅದರಲ್ಲಿ ಒಂದು ದಕ್ಷಿಣ ಕನ್ನಡದವರಿಗೆ ಚೆನ್ನಾಗಿ ಗೊತ್ತಿರುವ ವಿಷ. ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್ ಅಲ್ಲಿನ ಮನೆಗಳಿಗೆ ಏನು ಮಾಡಿತು ಎಂದು ನಾವು ನೋಡಿದ್ದೇವೆ. ಇಂಥ ಕೆಲವು ರಾಸಾಯನಿಕಗಳು ಬಿಸಿ ಪ್ರದೇಶದಲ್ಲಿ ಆವಿಯಾಗಿ ಮೇಲೇಳುತ್ತವೆ, ಗಾಳಿಯಲ್ಲಿ ಸಾಗಿ ತಣ್ಣನೆಯ ಕಡೆ ಇಳಿಯುತ್ತವೆ. ಕೊನೆಗೆ ಸೇರುವುದು ಆರ್ಕ್ಟಿಕ್‌ಗೆ. ಅಲ್ಲಿ ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಮನುಷ್ಯರಿಗೆ ಬರುವಾಗ ಕೊಬ್ಬಿನಲ್ಲಿ ಕೂಡುತ್ತಾ ಹೋಗುತ್ತವೆ.

1980ರ ದಶಕದಲ್ಲಿ ಕೆನಡಾದ ಉತ್ತರ ಕ್ವಿಬೆಕ್‌ನ ಇನುಯಿಟ್ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದಾಗ ಅದರಲ್ಲಿ ಪಿಸಿಬಿ ಎಂಬ ಕೈಗಾರಿಕಾ ವಿಷ ದಕ್ಷಿಣದ ತಾಯಂದಿರಿಗಿಂತ ಹಲವು ಪಟ್ಟು ಜಾಸ್ತಿ ಇತ್ತು. ಅದನ್ನು ತಯಾರಿಸದ, ಬಳಸದ ಜನ! ಇನುಯಿಟ್ ನಾಯಕಿ ಶೀಲಾ ವಾಟ್-ಕ್ಲೌಟಿಯೆ ಮತ್ತು ಅವರ ಜೊತೆಯವರು ಈ ವಿಷಯವನ್ನು ವಿಶ್ವಸಂಸ್ಥೆಯ ಮಾತುಕತೆಗೆ ಒಯ್ದರು. ತಾಯಿ ಮತ್ತು ಮಗುವಿನ ಒಂದು ಕಲ್ಲಿನ ಶಿಲ್ಪವನ್ನೂ ಅಲ್ಲಿಗೆ ಕೊಟ್ಟರು. 2001ರಲ್ಲಿ ಇಂಥ ವಿಷಗಳ ಪಟ್ಟಿ ಮಾಡಿ ತಡೆಯುವ ಸ್ಟಾಕ್‌ಹೋಮ್ ಒಪ್ಪಂದ ಆಯಿತು. ಎಂಡೋಸಲ್ಫಾನ್ ಆರ್ಕ್ಟಿಕ್ ಗಾಳಿಯಲ್ಲಿ, ಪ್ರಾಣಿಗಳಲ್ಲಿ ಪತ್ತೆಯಾದದ್ದು ಅದನ್ನೂ 2011ರಲ್ಲಿ ಆ ಪಟ್ಟಿಗೆ ಸೇರಿಸಲು ಒಂದು ಮುಖ್ಯ ಕಾರಣ. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಅದನ್ನು ತಡೆಯಿತು.

ಅವರಲ್ಲಿ ಮಗುವಿಗೆ ಹೆಸರು ಇಡುವ ಪದ್ಧತಿ ವಿಶೇಷವಂತೆ?

ಹೌದು. ತೀರಿಕೊಂಡವರ ಹೆಸರನ್ನು ಹುಟ್ಟಿದ ಮಗುವಿಗೆ ಇಡುತ್ತಾರೆ. ಹೆಣ್ಣಿನ ಹೆಸರು, ಗಂಡಿನ ಹೆಸರು ಎಂಬ ಭೇದ ಹಳೆಯ ಪದ್ಧತಿಯಲ್ಲಿ ಇಲ್ಲ. ಹೆಸರಿನ ಜೊತೆ ಸಂಬಂಧವೂ ಬರುತ್ತದೆ. ಅಜ್ಜಿಯೊಬ್ಬರ ತಂದೆಯ ಹೆಸರು ಮೊಮ್ಮಗಳಿಗೆ ಬಂದರೆ ಅಜ್ಜಿ ಆ ಪುಟ್ಟ ಹುಡುಗಿಯನ್ನು 'ಅಪ್ಪ' ಎಂದೇ ಕರೆಯುತ್ತಾರೆ, ಹಾಗೇ ಗೌರವಿಸುತ್ತಾರೆ.

ಇಂಥ ಜನಕ್ಕೆ 1940ರ ದಶಕದಲ್ಲಿ ಕೆನಡಾ ಸರ್ಕಾರ ನಂಬರ್ ಕೊಟ್ಟಿತು. ಕುತ್ತಿಗೆಗೆ ಹಾಕಿಕೊಳ್ಳುವ ದುಂಡನೆಯ ಬಿಲ್ಲೆ, ಅದರ ಮೇಲೆ ಅಕ್ಷರ ಮತ್ತು ಸಂಖ್ಯೆ. ಅಧಿಕಾರಿಗಳಿಗೆ ಹೆಸರು ಬರೆಯಲು ಕಷ್ಟವಾಗುತ್ತಿತ್ತಂತೆ. 1960ರ ದಶಕದ ಕೊನೆಗೆ ಏಬ್ ಓಕ್ಪಿಕ್ ಎಂಬ ಇನುಯಿಟ್ ನಾಯಕರು ಊರೂರು ಸುತ್ತಿ ಪ್ರತಿ ಮನೆಯವರನ್ನು ಕೇಳಿ ಕುಟುಂಬದ ಹೆಸರು ದಾಖಲಿಸಿದ ಮೇಲೆ ನಂಬರ್ ಹೋಯಿತು.

ಸರ್ಕಾರದಿಂದ ಇನ್ನೇನು ಅನ್ಯಾಯ ಆಗಿದೆ?

ಹೇಳಲು ತುಂಬಾ ಇದೆ. 1953 ಮತ್ತು 1955ರಲ್ಲಿ ಉತ್ತರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ ಕುಟುಂಬಗಳನ್ನು ಸುಮಾರು 2,000 ಕಿಲೋಮೀಟರ್ ಉತ್ತರಕ್ಕೆ ಒಯ್ದು ಗ್ರೀಸ್ ಫಿಯೋರ್ಡ್, ರೆಸಲ್ಯೂಟ್‌ಗಳಲ್ಲಿ ಇಳಿಸಿದರು. ಒಳ್ಳೆಯ ಬೇಟೆ ಸಿಗುತ್ತದೆ, ಇಷ್ಟವಾಗದಿದ್ದರೆ ಎರಡು ವರ್ಷದಲ್ಲಿ ವಾಪಸ್ ಬರಬಹುದು ಎಂದು ಮಾತು ಕೊಟ್ಟಿದ್ದರು. ಮಾತು ಉಳಿಸಿಕೊಳ್ಳಲಿಲ್ಲ. ಅವರ ಊರಲ್ಲಿ ಚಳಿಗಾಲದ ಕತ್ತಲೆ ಇಷ್ಟು ದೀರ್ಘ ಇರಲಿಲ್ಲ, ಪ್ರಾಣಿಗಳೂ ಬೇರೆ, ಮಂಜುಗಡ್ಡೆಯೂ ಬೇರೆ. ಹಡಗಿನಲ್ಲೇ ಕುಟುಂಬಗಳನ್ನು ಬೇರ್ಪಡಿಸಿದರು. ದೇಶದ ಉತ್ತರದ ತುದಿಯಲ್ಲಿ ಕೆನಡಾದ ಜನ ಇದ್ದಾರೆ ಎಂದು ತೋರಿಸಲು ಈ ಕೆಲಸ ಮಾಡಿದರು ಎಂದು ಅಲ್ಲಿಗೆ ಹೋದವರು ಹೇಳುತ್ತಾರೆ. ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ.

ಕ್ಷಯರೋಗ ಹರಡಿದಾಗ ಹಡಗು ಊರೂರಿಗೆ ಬಂದು ಎಕ್ಸ್‌ರೇ ತೆಗೆದು, ರೋಗ ಇದ್ದವರನ್ನು ಹಾಗೇ ದಕ್ಷಿಣದ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿತ್ತು. 1956ರಲ್ಲಿ ಏಳು ಇನುಯಿಟ್ ಜನರಲ್ಲಿ ಒಬ್ಬರು ದಕ್ಷಿಣದ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಸತ್ತವರನ್ನು ಅಲ್ಲೇ ಹೂಳಿದರು, ಎಷ್ಟೋ ಮನೆಗಳಿಗೆ ಸುದ್ದಿಯೂ ತಲುಪಲಿಲ್ಲ. 2019ರಲ್ಲಿ ಪ್ರಧಾನಿ ಇಕಾಲುಯಿಟ್‌ಗೆ ಬಂದು ಕ್ಷಮೆ ಕೇಳಿದರು. ಸಮಾಧಿಗಳನ್ನು ಹುಡುಕಿಕೊಡುವ ನನಿಲಾವುಟ್ ಯೋಜನೆ ಆಗಲೇ ಶುರುವಾಯಿತು. 1950 ಮತ್ತು 60ರ ದಶಕಗಳಲ್ಲಿ ಜಾರುಬಂಡಿಯ ನಾಯಿಗಳನ್ನು ಗುಂಡಿಟ್ಟು ಕೊಂದದ್ದಕ್ಕೆ ಉತ್ತರ ಕ್ವಿಬೆಕ್‌ನವರ ಮುಂದೆ ಕ್ಷಮೆ ಕೇಳಿದ್ದು 2024ರಲ್ಲಿ. ನಾಯಿ ಹೋದರೆ ಬೇಟೆ ಹೋಯಿತು, ಬೇಟೆ ಹೋದರೆ ಊರು ಬಿಟ್ಟು ಸರ್ಕಾರ ತೋರಿಸಿದ ಜಾಗಕ್ಕೆ ಬರಲೇಬೇಕು. ಮಕ್ಕಳನ್ನು ವಸತಿ ಶಾಲೆಗೆ ಹಾಕಿ ಸ್ವಂತ ಭಾಷೆ ಆಡಿದರೆ ಶಿಕ್ಷಿಸಿದ್ದೂ ಇದೇ ಕಾಲ. ಇಂದು ಯುವಜನರಲ್ಲಿ ಆತ್ಮಹತ್ಯೆ ತೀರಾ ಜಾಸ್ತಿ ಇರುವುದಕ್ಕೆ ಈ ಇತಿಹಾಸದ ಗಾಯವೂ, ಕಿಕ್ಕಿರಿದ ಮನೆಗಳೂ, ಬಡತನವೂ ಕಾರಣ ಎಂದು ಅವರ ರಾಷ್ಟ್ರೀಯ ಸಂಸ್ಥೆ ಇನುಯಿಟ್ ತಪಿರೀತ್ ಕನತಮಿ 2016ರ ತನ್ನ ಯೋಜನೆಯಲ್ಲಿ ಹೇಳಿದೆ.

ಭಾಷೆ ಉಳಿದಿದೆಯಾ? ಲಿಪಿ ಇದೆಯಾ?

ಗ್ರೀನ್‌ಲ್ಯಾಂಡ್‌ನಲ್ಲಿ ಗಟ್ಟಿಯಾಗಿದೆ, ಅಲ್ಲಿ ಅದೇ ಅಧಿಕೃತ ಭಾಷೆ. ಪೂರ್ವ ಕೆನಡಾದಲ್ಲಿ ಅದರ ಇನ್ನೊಂದು ರೂಪ ಇನುಕ್ಟಿಟುಟ್ ಮನೆಮಾತಾಗಿ ಇದೆ, ಆದರೆ ಇಂಗ್ಲಿಷ್ ಒತ್ತಡ ಹೆಚ್ಚುತ್ತಿದೆ. ಅಲ್ಲಿನ ಲಿಪಿ ನಮಗೆ ಕುತೂಹಲ ಹುಟ್ಟಿಸುವಂಥದ್ದು. ನಮ್ಮ ಕಾಗುಣಿತದ ಹಾಗೆ ಒಂದು ವ್ಯಂಜನಕ್ಕೆ ಒಂದು ಮೂಲ ಆಕಾರ. ಸ್ವರ ಬದಲಾದಾಗ ಗುಣಿತ ಚಿಹ್ನೆ ಸೇರಿಸುವ ಬದಲು ಅಕ್ಷರವನ್ನೇ ತಿರುಗಿಸುತ್ತಾರೆ. ಇದು 1840ರ ಸುಮಾರಿಗೆ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ಕೆನಡಾದ ಇನ್ನೊಂದು ಮೂಲನಿವಾಸಿ ಗುಂಪಾದ ಕ್ರೀ ಜನರ ನಡುವೆ ರೂಪಿಸಿದ ಲಿಪಿಯಿಂದ ಬಂದದ್ದು. ಅದರ ಹಿಂದೆ ದೇವನಾಗರಿಯ ಪ್ರಭಾವ ಇದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. 2019ರಲ್ಲಿ ಕೆನಡಾದ ಇನುಯಿಟ್ ಜನ ಎಲ್ಲ ಪ್ರದೇಶಗಳಿಗೂ ಹೊಂದುವ ಒಂದು ರೋಮನ್ ಬರವಣಿಗೆಯನ್ನೂ ಒಪ್ಪಿಕೊಂಡರು.

ಹಾಡು, ಕಲೆ?

ಇಬ್ಬರು ಹೆಂಗಸರು ಎದುರುಬದುರು ನಿಂತು ಗಂಟಲಿನಿಂದಲೇ ಲಯ ಹುಟ್ಟಿಸುವ ಕತಜ್ಜಾಕ್ ಇದೆ. ಯಾರು ಮೊದಲು ನಗುತ್ತಾರೋ ಅವರು ಸೋತರು. ಕಿನ್‌ಗೈಟ್ ಊರಿನ ಸಹಕಾರ ಸಂಘ 1959ರಿಂದ ಅಚ್ಚುಚಿತ್ರ ಮಾಡುತ್ತಿದೆ. ಅಲ್ಲಿನ ಕೆನೋಜುವಾಕ್ ಅಶೆವಾಕ್ ಬಿಡಿಸಿದ ಗೂಬೆ 1970ರಲ್ಲಿ ಕೆನಡಾದ ಅಂಚೆಚೀಟಿಯ ಮೇಲೆ ಬಂತು.

ಈಗ ಆಡಳಿತ ಯಾರ ಕೈಯಲ್ಲಿದೆ?

ಬಹಳಷ್ಟು ಅವರದೇ ಕೈಯಲ್ಲಿದೆ, ದಶಕಗಳ ಮಾತುಕತೆಯ ನಂತರ. 1993ರ ಒಪ್ಪಂದದ ಮೇಲೆ 1999ರ ಏಪ್ರಿಲ್ 1ರಂದು ನುನಾವುಟ್ ಹುಟ್ಟಿತು. ಸುಮಾರು 20 ಲಕ್ಷ ಚದರ ಕಿಲೋಮೀಟರ್, 2021ರ ಗಣತಿಯಲ್ಲಿ ಸುಮಾರು 37,000 ಜನ. ಅಲ್ಲಿನ ಶಾಸನಸಭೆಯಲ್ಲಿ ಪಕ್ಷಗಳೇ ಇಲ್ಲ. ಗೆದ್ದವರೆಲ್ಲ ಕೂತು ತಮ್ಮೊಳಗೇ ಮುಖ್ಯಸ್ಥರನ್ನು ಆರಿಸುತ್ತಾರೆ. 2021ರಲ್ಲಿ ಮೇರಿ ಸೈಮನ್ ಕೆನಡಾದ ಗವರ್ನರ್ ಜನರಲ್ ಆದರು, ಆ ಸ್ಥಾನಕ್ಕೆ ಬಂದ ಮೊದಲ ಮೂಲನಿವಾಸಿ. ಗ್ರೀನ್‌ಲ್ಯಾಂಡ್‌ಗೆ ಡೆನ್ಮಾರ್ಕ್‌ನಿಂದ 1979ರಲ್ಲಿ ಒಳಾಡಳಿತದ ಅಧಿಕಾರ, 2009ರಲ್ಲಿ ಇನ್ನೂ ಹೆಚ್ಚಿನ ಸ್ವಯಮಾಡಳಿತ ಸಿಕ್ಕಿತು. ಜನಮತ ನಡೆಸಿ ಸ್ವತಂತ್ರವಾಗುವ ಹಕ್ಕು ಆ ಕಾನೂನಿನಲ್ಲೇ ಇದೆ. ಗ್ರೀನ್‌ಲ್ಯಾಂಡ್ ಯಾರಿಗೆ ಸೇರಬೇಕು ಎಂದು ದೊಡ್ಡ ದೇಶಗಳು ಮಾತಾಡುವಾಗ ಇದನ್ನು ನೆನಪಿಡಬೇಕು.

ನಾವು ಹೋಗಿ ನೋಡಬಹುದಾ?

ಖಂಡಿತ. ಒಟ್ಟಾವದಿಂದ ಇಕಾಲುಯಿಟ್‌ಗೆ ವಿಮಾನದಲ್ಲಿ ಸುಮಾರು ಮೂರು ಗಂಟೆ. ಏಪ್ರಿಲ್‌ನಲ್ಲಿ ಹೋದರೆ ಬೆಳಕು ಚೆನ್ನಾಗಿರುತ್ತದೆ, ಮಂಜುಗಡ್ಡೆಯೂ ಇರುತ್ತದೆ, ಟೂನಿಕ್ ಟೈಮ್ ಹಬ್ಬವೂ ಆಗಲೇ. ಗ್ರೀನ್‌ಲ್ಯಾಂಡ್‌ನ ರಾಜಧಾನಿ ನೂಕ್‌ನಲ್ಲಿ 2024ರ ನವೆಂಬರ್‌ನಲ್ಲಿ ದೊಡ್ಡ ವಿಮಾನ ಇಳಿಯುವ ನಿಲ್ದಾಣ ತೆರೆಯಿತು. ಗ್ರೀನ್‌ಲ್ಯಾಂಡ್ ಯುರೋಪಿನ ಒಂದೇ ವೀಸಾದ ಷೆಂಗೆನ್ ವಲಯಕ್ಕೆ ಸೇರಿಲ್ಲ. ಡೆನ್ಮಾರ್ಕ್ ವೀಸಾದಲ್ಲಿ ಗ್ರೀನ್‌ಲ್ಯಾಂಡ್‌ಗೂ ಸಲ್ಲುತ್ತದೆ ಎಂದು ಬರೆದಿರಬೇಕು, ಅರ್ಜಿ ಹಾಕುವಾಗಲೇ ಕೇಳಿಕೊಳ್ಳಿ. ಎಲ್ಲಿಗೇ ಹೋದರೂ ಊರಿನವರೇ ನಡೆಸುವ ತಂಗುದಾಣ, ಊರಿನ ಮಾರ್ಗದರ್ಶಿಯನ್ನೇ ಹಿಡಿಯಿರಿ. ಅವರಿಲ್ಲದೆ ಮಂಜುಗಡ್ಡೆಯ ಮೇಲೆ ಕಾಲಿಡಬೇಡಿ. ಬೇಟೆ ಅಥವಾ ಮಾಂಸ ಹಂಚುವುದು ಕಂಡರೆ ಕೇಳಿಯೇ ಫೋಟೋ ತೆಗೆಯಿರಿ. ಒಂದು ತುಂಡು ಮಕ್ತಾಕ್ ಕೊಟ್ಟರೆ, ಮಾಂಸ ತಿನ್ನುವವರಾದರೆ ರುಚಿ ನೋಡಿ. ತಿನ್ನದವರಾದರೆ ಹಾಗೆಂದು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.